ಅಂಗಳದಲ್ಲಿ ನಿಂತ ಅಪ್ಪ

ನಮ್ಮದು ರಸ್ತೆ ಬದಿಯ ಹಂಚಿನ ಮನೆ. ಸುಳ್ಯದಿಂದ ಐವರ್ನಾಡಿನ ಕಡೆಗೆ ಹೋಗುವಾಗ ರಬ್ಬರ್ ತೋಟದ ಬೇಲಿ ಮುಗಿದ ಕೂಡಲೇ ಸಿಗುತ್ತಿತ್ತು. ಎದುರಿಗೆ ಚಾವಡಿ, ಅದರ ಹಿಂದೆ ಅಜ್ಜಿ ಮಲಗುವ ಕಿಟಕಿಯಿಲ್ಲದ ಕೋಣೆ, ಕೊನೆಗೆ ಹೊಗೆ ಹಿಡಿದ ಅಡುಗೆ ಕೋಣೆ, ಅದರಾಚೆ ಬಚ್ಚಲು. ತೋಟ, ಗದ್ದೆ ಎಂಬುದೇನೂ ನಮಗಿರಲಿಲ್ಲ. ಬಸಳೆಯ ಚಪ್ಪರವೊಂದು ಇತ್ತು, ಅಷ್ಟೆ. ಬೇರೆಯವರ ಚಾವಡಿಯಲ್ಲಿ ದೇವರ ಪಟದ ಕೆಳಗೆ ಕಾಲುದೀಪ ಒಂದೇ ಇರುತ್ತದೆ. ನಮ್ಮಲ್ಲಿ ದೀಪದ ಪಕ್ಕಕ್ಕೆ ಹಲಸಿನ ಮಣೆಯ ಮೇಲೆ ಅಪ್ಪನ ಮಿಷನ್ ಕೂತಿರುತ್ತಿತ್ತು. ಮರ ಕೊಯ್ಯುವ ಮಿಷನ್. ಆಗೆಲ್ಲ ನಮ್ಮ ಕಡೆ ದೊಡ್ಡ ಮರಗಳನ್ನು ಇಬ್ಬರು ಎದುರುಬದುರು ನಿಂತು ಗರಗಸ ಎಳೆದು ಕೊಯ್ಯುತ್ತಿದ್ದರು. ಪೆಟ್ರೋಲಿನಲ್ಲಿ ಓಡುವ, ಹಲ್ಲಿನ ಚೈನು ಗರ್ರನೆ ಸುತ್ತುವ, ಒಬ್ಬನೇ ಎರಡು ಕೈಯಲ್ಲಿ ಹಿಡಿದು ನಿಲ್ಲುವ ಮಿಷನನ್ನು ಹತ್ತಿರದಿಂದ ನೋಡಿದವರೇ ಕಡಿಮೆ. ಅದು ಕಡಬದ ಒಬ್ಬ ಕಂತ್ರಾಟುದಾರನದ್ದು. ಅಪ್ಪ ಅವನ ಕೈಕೆಳಗೆ ಗುಂಡ್ಯದ ಮೇಲಿನ ಕಾಡಿನಲ್ಲಿ ಮರ ಬೀಳಿಸುವ ಕೆಲಸದಲ್ಲಿದ್ದ. ಮಿಷನಿನ ಗುಣ ತಿಳಿದವನು ಅವನೊಬ್ಬನೇ ಆದ್ದರಿಂದ ಶನಿವಾರ ಸಂಜೆ ಅಪ್ಪನ ಜೊತೆಗೆ ಅದೂ ಲಾರಿ ಹತ್ತಿ ಮನೆಗೆ ಬರುತ್ತಿತ್ತು.

ಭಾನುವಾರ ಬೆಳಿಗ್ಗೆ ಅಪ್ಪ ಜಗಲಿಯಲ್ಲಿ ಕಾಲು ಚಾಚಿ ಕೂತು, ಮಿಷನನ್ನು ತೊಡೆಯ ಮೇಲಿಟ್ಟುಕೊಂಡು, ಚೈನಿನ ಒಂದೊಂದೇ ಹಲ್ಲನ್ನು ಅರದಿಂದ ತಿಕ್ಕಿ ಹರಿತ ಮಾಡುತ್ತಿದ್ದ. ಒಳಗಿನಿಂದ ನೀರುದೋಸೆಯ ವಾಸನೆ ಬರುತ್ತಿತ್ತು, ಜಗಲಿಯಿಂದ ಪೆಟ್ರೋಲಿನ ವಾಸನೆ. ಇವತ್ತಿಗೂ ಪೆಟ್ರೋಲ್ ಬಂಕಿನಲ್ಲಿ ನಿಂತರೆ ನನಗೆ ಹಸಿವಾಗುತ್ತದೆ. ನವರಾತ್ರಿಯ ಆಯುಧಪೂಜೆಗೆ ಮಿಷನಿಗೆ ಕುಂಕುಮ ಹಚ್ಚಿ, ಸೇವಂತಿಗೆ ಮಾಲೆ ಹಾಕಿ, ಎದುರಿಗೆ ಬೆಲ್ಲದ ಅವಲಕ್ಕಿ ಇಡುತ್ತಿದ್ದರು. ಹೆಂಗಸರು ಅದನ್ನು ಮುಟ್ಟುವ ಹಾಗಿಲ್ಲ. ಆ ಕಟ್ಟಳೆ ಅಪ್ಪನದ್ದಲ್ಲ, ಅಪ್ಪನ ತಾಯಿಯದ್ದು, ಎಂದರೆ ನನ್ನ ಅಜ್ಜಿಯದ್ದು. ಅನ್ನ ಕೊಡುವ ವಸ್ತುವಿಗೆ ಮೈಲಿಗೆಯಾದರೆ ಕಾಡಿನಲ್ಲಿ ಮಗನಿಗೆ ಕೇಡು ಎಂದು ಅವಳ ನಂಬಿಕೆ. ಅಮ್ಮ ಚಾವಡಿ ಗುಡಿಸುವಾಗ ಆ ಮಣೆಯ ಸುತ್ತ ಒಂದು ಗೇಣು ಜಾಗ ಬಿಟ್ಟು ಗುಡಿಸುತ್ತಿದ್ದಳು. ಅಲ್ಲಿ ಧೂಳು ಹಾಗೇ ಉಳಿಯುತ್ತಿತ್ತು.

ಅಮ್ಮ ಹುಟ್ಟಿದ್ದು ಉಪ್ಪಿನಂಗಡಿಯ ಹೊಳೆಬದಿಯಲ್ಲಿ. ಅವಳ ಅಪ್ಪ ಇಡೀ ಮರವನ್ನು ಬಾಚಿಯಿಂದ ತೋಡಿ ದೋಣಿ ಮಾಡುವವರು. ಗಂಡು ಮಕ್ಕಳಿಲ್ಲದ ಮನೆ. ಮದುವೆಯಾಗುವವರೆಗೆ ಅಮ್ಮನೇ ಅವರ ಜೊತೆ ದೋಣಿಯ ಹೊಟ್ಟೆ ಕೆತ್ತುತ್ತಿದ್ದಳಂತೆ. ಇದನ್ನು ನಮ್ಮ ಮನೆಯಲ್ಲಿ ಯಾರೂ ಒಂದು ವಿದ್ಯೆ ಎಂದು ಎಣಿಸಿರಲಿಲ್ಲ. ಅಜ್ಜಿಗೆ ಸೊಸೆಯ ಅಗಲ ಅಂಗೈಯ ಬಗ್ಗೆ ಯಾವಾಗಲೂ ಒಂದು ಮಾತು ಇತ್ತು, ರೊಟ್ಟಿ ತಟ್ಟಲಿಕ್ಕೆ ಮಾತ್ರ ಆದೀತು ಎಂದು. ಅಮ್ಮನದ್ದು ಮಾತೇ ಕಡಿಮೆ. ಮನೆಯಲ್ಲಿ ಗಟ್ಟಿಯಾಗಿ ಮಾತಾಡುವವನು, ನಗುವವನು, ಬೈಯುವವನು ಎಲ್ಲ ಅಪ್ಪನೇ.

ನಮ್ಮ ಮನೆಯ ಎದುರು ಹಾದು ಹೋಗುವ ಮರದ ಲಾರಿಯವರಿಗೆಲ್ಲ ಅಪ್ಪ ಗುರುತು. ನಮ್ಮ ತಿರುವು ಬಂದ ಕೂಡಲೇ ಹಾರ್ನ್ ಹೊಡೆಯುತ್ತಿದ್ದರು. ಅವತ್ತು ವಾರದ ನಡುವೆ, ಮಧ್ಯಾಹ್ನದ ಗಂಜಿಯ ಹೊತ್ತಿಗೆ, ಒಂದು ಲಾರಿ ಹಾರ್ನ್ ಹೊಡೆಯದೆ ಬಂದು ನಮ್ಮ ಅಂಗಳದ ಬದಿಯಲ್ಲಿ ನಿಂತಿತು. ಅಮ್ಮ ಒಣಮೀನು ಸುಡುತ್ತಿದ್ದವಳು ಹಾಗೇ ಎದ್ದು ಹೊರಗೆ ಬಂದಳು. ಹಿಂದೆ ನಾನು. ನಾಲ್ಕೈದು ಜನ ಗಂಡಸರು ಲಾರಿಯ ಹಿಂದಿನ ಬಾಗಿಲು ಬಿಚ್ಚಿ, ಒಂದು ಹಲಗೆಯನ್ನು ಕೆಳಗಿಳಿಸಲು ನೋಡುತ್ತಿದ್ದರು. ಹಲಗೆಯ ಮೇಲೆ ಅಪ್ಪ. ಕಣ್ಣು ತೆರೆದೇ ಇತ್ತು. ಕಡಿದ ಮರವೊಂದು ಇಳಿಜಾರಿನಲ್ಲಿ ಜಾರಿ, ಅದರ ಕೊಂಬೆ ಅಪ್ಪನ ಬೆನ್ನಿಗೆ ಬಡಿದಿತ್ತು. ಅಮ್ಮ ಅಳಲಿಲ್ಲ. ಡ್ರೈವರನ ಹತ್ತಿರ ಹೋಗಿ ಕೇಳಿದಳು.

"ಇಲ್ಲಿಗೆ ಯಾಕೆ ತಂದದ್ದು?"

ಡ್ರೈವರ್ ಅವಳ ಮುಖ ನೋಡದೆ ಹೇಳಿದ:

"ಒಮ್ಮೆ ಮನೆಯವರನ್ನು ನೋಡ್ಲಿ ಅಂತ, ಅಕ್ಕ."

ನನಗೆ ಆ ಮಾತಿನ ಅರ್ಥ ಆಗಲಿಲ್ಲ. ಅಜ್ಜಿಗೆ ಆಯಿತು. ಅವಳು ಜಗಲಿಯ ಕಂಬ ಹಿಡಿದುಕೊಂಡು ಕುಸಿದಳು. ಅಮ್ಮ ಮಾತ್ರ ಹಲಗೆಯನ್ನು ವಾಪಸು ಒಳಗೆ ತಳ್ಳಿದಳು. ಒಬ್ಬಳೇ, ಆ ಗಂಡಸರ ಕೈಯ ಮೇಲಿಂದ. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಲಾರಿ ಹತ್ತಿ ಅಪ್ಪನ ತಲೆಯ ಹತ್ತಿರ ಕೂತಳು.

"ಮಂಗಳೂರಿಗೆ ಬಿಡಿ. ನೋಡಿ ಆಯ್ತು."

ಅಪ್ಪ ಬದುಕಿದ. ಮಳೆಗಾಲ ಕಳೆದ ಮೇಲೆ ಮನೆಗೆ ಬಂದ. ಆದರೆ ಸೊಂಟದಿಂದ ಕೆಳಗೆ ಅವನಿಗೆ ಏನೂ ಗೊತ್ತಾಗುತ್ತಿರಲಿಲ್ಲ. ನಾನು ಅದನ್ನು ನಂಬಲಾರದೆ ಅವನು ಮಲಗಿದ್ದಾಗ ಹೆಬ್ಬೆರಳನ್ನು ಚಿವುಟಿ ನೋಡಿದ್ದೆ. ಅವನು ಕಿಟಕಿಯ ಆಚೆ ನೋಡುತ್ತಲೇ ಇದ್ದ. ಚಾವಡಿಯಲ್ಲಿ ಮಂಚ ಹಾಕಿ ಅಲ್ಲೇ ಅವನಿಗೆ ಊಟ, ಸ್ನಾನ, ಎಲ್ಲ. ಬೆನ್ನಿನಲ್ಲಿ ಹುಣ್ಣಾಗದ ಹಾಗೆ ಅಮ್ಮ, ಅಜ್ಜಿ ಸೇರಿ ಆಗಾಗ ಮಗ್ಗುಲು ತಿರುಗಿಸಬೇಕು. ಮಂಚದಿಂದ ಕಾಣುವುದು ಬಸಳೆ ಚಪ್ಪರ ಮತ್ತು ರಸ್ತೆಯ ಒಂದು ತುಂಡು ಮಾತ್ರ, ಅಂಗಳ ಕಾಣುತ್ತಿರಲಿಲ್ಲ. ಕಂತ್ರಾಟುದಾರ ಒಮ್ಮೆ ಬಂದು ಕಿತ್ತಳೆ ಹಣ್ಣು ಕೊಟ್ಟು, ಮಿಷನನ್ನು ಜಗಲಿಯಲ್ಲಿಟ್ಟು, "ಇದು ನಿನಗೇ ಇರ್ಲಿ ಬಾಬು, ನಾನು ಹೊಸತು ತರಿಸಿದ್ದೇನೆ" ಎಂದು ಹೋದ. ಮತ್ತೆ ಅವನ ಮುಖ ಕಾಣಲಿಲ್ಲ. ಅಪ್ಪ ಮಿಷನಿನ ಕಡೆ ನೋಡುತ್ತಿರಲಿಲ್ಲ. ಆದರೂ ಅಜ್ಜಿ ಅದನ್ನು ಮಣೆಯ ಮೇಲೇ ಇಡಿಸಿದಳು, ದೇವರ ಪಟದ ಕೆಳಗೆ.

ಅನ್ನದ ದಾರಿ ಅಜ್ಜಿ ಕಟ್ಟುವ ಬೀಡಿಯೊಂದೇ ಆಯಿತು. ಅಮ್ಮನೂ ಎಲೆ, ಹೊಗೆಸೊಪ್ಪು ತುಂಬಿದ ಸೂಪು, ಎಂದರೆ ಮೊರ, ಮಡಿಲಲ್ಲಿಟ್ಟು ಕೂತಳು. ಅವಳ ಬೆರಳಿಗೆ ಆ ಎಲೆ ಒಗ್ಗಲಿಲ್ಲ. ಒಂದು ಬೀಡಿ ದಪ್ಪ, ಒಂದು ಬೀಡಿ ಸಪೂರ, ಎಲೆಗಳೆಲ್ಲ ಹರಿದು ಹೋಗುತ್ತಿದ್ದವು. ಬೀಡಿ ಕೊಳ್ಳುವ ಬ್ರಾಂಚಿನವರು ಕಟ್ಟುಕಟ್ಟೇ ಬಿಸಾಡಿದರು. ಗಂಜಿ ತೆಳ್ಳಗಾಯಿತು, ಮೀನು ನಿಂತಿತು. ಅಪ್ಪ ತನ್ನ ಬಟ್ಟಲಿನ ಅನ್ನವನ್ನು ಅರ್ಧ ಬಿಟ್ಟು ನನಗೆ ಕೊಡುತ್ತಿದ್ದ. ಅವನ ನಗು, ಬೈಗುಳ ಎರಡೂ ನಿಂತುಹೋಗಿ ಮನೆಯೊಳಗೆ ಎಲ್ಲರೂ ಮೆಲ್ಲಗೆ ಮಾತಾಡುವುದು ರೂಢಿಯಾಯಿತು.

ಒಂದು ಭಾನುವಾರ ಬೆಳಿಗ್ಗೆ. ಅಜ್ಜಿ ದೇವಸ್ಥಾನಕ್ಕೆ ಹೋಗಿದ್ದಳು. ನಾನು ಅಪ್ಪನಿಗೆ ಶಾಲೆಯ ಪಾಠ ಓದಿ ಹೇಳುತ್ತಿದ್ದೆ. ಅಮ್ಮ ಚಾವಡಿಗೆ ಬಂದಳು. ಅಪ್ಪನ ಖಾಕಿ ಪ್ಯಾಂಟು ಹಾಕಿಕೊಂಡಿದ್ದಳು, ಮೇಲೆ ಅಪ್ಪನದೇ ಉದ್ದ ತೋಳಿನ ಅಂಗಿ. ಸೊಂಟಕ್ಕೆ ಬೈಹುಲ್ಲಿನ ಹಗ್ಗ ಬಿಗಿದಿದ್ದಳು. ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದ್ದರಿಂದ ಅವನಿಗೆ ಕಾಣಲಿಲ್ಲ. ಅವಳು ತುಟಿಗೆ ಬೆರಳಿಟ್ಟು ಸುಮ್ಮನಿರು ಎಂದು ಸನ್ನೆ ಮಾಡಿ, ಮಣೆಯ ಮೇಲಿನ ಮಿಷನನ್ನು ತಬ್ಬಿ ಎತ್ತಿ ಹೊರಗೆ ಹೋದಳು. ಓದುತ್ತಿದ್ದ ಸಾಲನ್ನೇ ನಾನು ಮತ್ತೆ ಮತ್ತೆ ಓದಿದೆ. ಆಮೇಲೆ ಮಿಷನ್ ಚಾಲು ಮಾಡುವ ದಾರ ಎಳೆಯುವ ಶಬ್ದ. ಒಮ್ಮೆ, ಇನ್ನೊಮ್ಮೆ. ಅಪ್ಪನ ಕುತ್ತಿಗೆ ತಿರುಗಿತು. ಇನ್ನೊಮ್ಮೆ ಎಳೆದಾಗ ಮಿಷನ್ ಕೂಗಿತು. ನಮ್ಮ ಮನೆಯ ಅಂಗಳದಲ್ಲಿ ಅದು ಕೂಗಿದ್ದು ಅದೇ ಮೊದಲು. ಹಂಚು ಅದುರಿತು.

"ಯಾರದು? ಯಾರು ಅದನ್ನು ಮುಟ್ಟಿದ್ದು? ಕಳ್ಳನಾ?"

ಅಪ್ಪ ಏಳಲು ನೋಡಿದ. ಎದೆಯವರೆಗೆ ಎದ್ದು ಮಂಚದ ಅಂಚಿಗೆ ಜಾರಿದ. ನಾನು ಹೊರಗೆ ಓಡಿದೆ. ಗಾಳಿಗೆ ಬಿದ್ದ ಒಂದು ಹಲಸಿನ ಮರವನ್ನು ಯಾರೋ ನಮ್ಮ ಅಂಗಳದ ಬದಿಗೆ ಉರುಳಿಸಿ ಹೋಗಿದ್ದರು. ಅಮ್ಮ ಅದರ ಮೇಲೆ ಒಂದು ಕಾಲು ಊರಿ ನಿಂತಿದ್ದಳು. ಚೈನು ತಾಗಿದ ಕೂಡಲೇ ಮಿಷನ್ ಹಿಂದಕ್ಕೆ ಒದ್ದು ಅವಳನ್ನು ಎತ್ತಿ ಒಗೆಯಿತು. ಅವಳು ಅಂಗಾತ ಬಿದ್ದಳು, ಕೈ ಮಾತ್ರ ಬಿಡಲಿಲ್ಲ. ಸತ್ತೇಹೋದಳು ಎಂದು ನಾನು ಕಿರುಚಿದೆ. ಅವಳು ಎದ್ದು, ಹಲ್ಲು ಕಚ್ಚಿ, ಮತ್ತೆ ಮರಕ್ಕೆ ಇಟ್ಟಳು. ಹಳದಿ ಹುಡಿ ಎದ್ದು ಅವಳ ಮುಖ, ಕೂದಲು ಎಲ್ಲ ಮುಚ್ಚಿತು. ಮರ ತುಂಡಾಗಿ ಬಿದ್ದ ಮೇಲೆ ಮಿಷನ್ ನಿಲ್ಲಿಸಿದಳು. ಒಳಗಿನಿಂದ ಅಪ್ಪನ ಕೂಗು ಇನ್ನೂ ಕೇಳುತ್ತಿತ್ತು.

"ಯಾರು ಅಂತ ಕೇಳಿದ್ದು!"

"ನಾನು," ಎಂದಳು ಅಮ್ಮ.

ಒಳಗೆ ಮಂಚ ಕಿರುಗುಟ್ಟಿತು.

"ನೀನಾ?"

ಅಷ್ಟರಲ್ಲಿ ಅಜ್ಜಿ ಪ್ರಸಾದದ ಪೊಟ್ಟಣ ಹಿಡಿದುಕೊಂಡು ಬಂದಳು. ಪ್ಯಾಂಟು ಹಾಕಿ, ಹುಡಿ ಮೆತ್ತಿಕೊಂಡು, ಮಿಷನ್ ಹಿಡಿದು ನಿಂತ ಸೊಸೆಯನ್ನು ನೋಡಿ ಅವಳ ಕೈಯಿಂದ ಪ್ರಸಾದ ಬಿದ್ದುಹೋಯಿತು.

"ಇವಳ ಮೈಗೆ ಎಂತದೋ ಬಂದಿದೆ! ಪುಟ್ಟಿ, ಹೋಗಿ ಯಾರನ್ನಾದ್ರೂ ಕರಿ!"

"ಎಂತದೂ ಬರ್ಲಿಲ್ಲ ಅತ್ತೆ," ಎಂದಳು ಅಮ್ಮ. "ಹೋಟ್ಲಿನವರಿಗೆ ಸೌದೆ ಬೇಕಂತೆ. ನಾನು ಕೊಡ್ತೇನೆ ಅಂತ ಹೇಳಿ ಬಂದಿದ್ದೇನೆ."

ಅವತ್ತು ಅಪ್ಪ ಊಟ ಮುಟ್ಟಲಿಲ್ಲ, ಮರುದಿನವೂ ಇಲ್ಲ. ಹೆಂಡತಿಯ ದುಡಿಮೆ ತಿನ್ನುವುದಿಲ್ಲ ಎಂದಲ್ಲ ಅವನ ಸಿಟ್ಟು. ಆ ಮಿಷನ್ ಬೇರೆಯವರ ಕೈಯಲ್ಲಿ ಕೂಗಿದ್ದನ್ನು ಅವನಿಗೆ ತಡೆದುಕೊಳ್ಳಲಾಗಲಿಲ್ಲ. ಇದು ಈಗ ನನಗೆ ಅರ್ಥವಾಗುತ್ತದೆ. ಆಗ ನಾನು ಅಮ್ಮನ ಮೇಲೆಯೇ ಸಿಟ್ಟಾಗಿದ್ದೆ. ಶಾಲೆಯಲ್ಲಿ ಮಕ್ಕಳು "ನಿನ್ನ ಅಮ್ಮ ಪ್ಯಾಂಟ್ ಹಾಕ್ತಾಳಂತೆ, ಹೌದಾ?" ಎಂದು ಕೇಳಿದರೆ ನೆಲ ಬಾಯಿಬಿಡಬಾರದೇ ಅನಿಸುತ್ತಿತ್ತು. ಬಸ್ಸಿನವರು ನಮ್ಮ ಮನೆಯ ಎದುರು ನಿಧಾನ ಮಾಡುತ್ತಿದ್ದರು, ಕಿಟಕಿಗಳಲ್ಲಿ ತಲೆಗಳು. ಅಮ್ಮ ಯಾರ ಕಡೆಯೂ ನೋಡುತ್ತಿರಲಿಲ್ಲ. ಅಡುಗೆ ಮುಗಿಸಿ, ಅಪ್ಪನನ್ನು ಮೀಯಿಸಿ, ಪ್ಯಾಂಟು ಹಾಕಿ ಹೊರಗೆ ಹೋಗುತ್ತಿದ್ದಳು.

ಹೀಗೆ ಕೆಲವು ವಾರ ನಡೆದ ಮೇಲೆ ಒಂದು ಬೆಳಿಗ್ಗೆ, ಹೊರಗೆ ಮಿಷನ್ ಓಡುತ್ತಿದ್ದಾಗ, ಅಪ್ಪ ಇದ್ದಕ್ಕಿದ್ದಂತೆ ಮಂಚದ ಪಟ್ಟಿಗೆ ಗುದ್ದಿದ.

"ನಿಲ್ಲಿಸ್ಲಿಕ್ಕೆ ಹೇಳು! ಹಲ್ಲು ಮೊಂಡಾಗಿದೆ. ಇವಳು ಒತ್ತಿ ಒತ್ತಿ ಕೊಯ್ಯುದು. ಚೈನು ತುಂಡಾದ್ರೆ ಮುಖಕ್ಕೇ ಬರುದು!"

ನಾನು ಹೋಗಿ ಹೇಳಿದೆ. ಅಮ್ಮ ಬಂದು ಬಾಗಿಲಲ್ಲಿ ನಿಂತಳು. ಇಬ್ಬರೂ ಮಾತಾಡದೆ ಎಷ್ಟು ಕಾಲವಾಗಿತ್ತೋ. ಅವಳು ಮಿಷನನ್ನು ತಂದು ಅಪ್ಪನ ತೊಡೆಯ ಮೇಲಿಟ್ಟಳು, ಬೆನ್ನಿಗೆ ದಿಂಬು ಕೊಟ್ಟಳು, ಅರ ತಂದು ಕೈಗೆ ಕೊಟ್ಟಳು. ಅಪ್ಪ ಚೈನಿನ ಹಲ್ಲುಗಳನ್ನು ಹೆಬ್ಬೆರಳಿನಿಂದ ಸವರಿ ನೋಡಿದ. ಆಮೇಲೆ ಮೊದಲ ಹಲ್ಲಿಗೆ ಅರ ಹಚ್ಚಿದ.

"ಬ್ಲೇಡಿನ ತುದಿಯ ಮೇಲ್ಭಾಗ ಮರಕ್ಕೆ ತಾಗ್ಬಾರ್ದು, ಗಿರಿಜ. ತಾಗಿದ್ರೆ ಅದು ಎದ್ದು ಬರ್ತದೆ. ಕೈ ಉದ್ದ ಮಾಡಿ ಹಿಡಿಯುದಲ್ಲ, ಮೈಗೆ ಹತ್ತಿರ ಹಿಡಿ."

"ಹ್ಞೂಂ."

"ಮತ್ತೆ, ನನ್ನ ಪ್ಯಾಂಟು ನಿನಗೆ ಸಡಿಲ ಆಗ್ತದೆ. ಹೊಲಿಸು."

ಆವತ್ತು ರಾತ್ರಿ ಊಟಕ್ಕೆ ಬಂಗುಡೆ ಇತ್ತು. ಅಜ್ಜಿ ಮಾತ್ರ ಸೊಸೆ ತಂದ ಮೀನನ್ನು ತಿನ್ನದೆ ಬರೀ ಉಪ್ಪಿನಕಾಯಿಯಲ್ಲಿ ಉಂಡು ಎದ್ದಳು.

ಕೆತ್ತನೆ ಶುರುವಾದದ್ದು ಯಾರೂ ಯೋಚಿಸಿ ಅಲ್ಲ. ಗಂಟು ಗಂಟಾದ ಬುಡದ ತುಂಡುಗಳು ಸೌದೆಗೆ ಸೀಳುವುದಿಲ್ಲ, ಯಾರೂ ಕೊಳ್ಳುವುದಿಲ್ಲ. ಅಮ್ಮ ಅಂಥದ್ದೊಂದನ್ನು ದೋಣಿಯ ಹಾಗೆ ತೋಡಿ ದನಕ್ಕೆ ಅಕ್ಕಚ್ಚು ಇಡುವ ಮರಿಗೆ ಮಾಡಿದಳು. ಬಾಚಿಯಲ್ಲಿ ವಾರ ಹಿಡಿಯುವ ಕೆಲಸ ಮಿಷನಿನಲ್ಲಿ ಮಧ್ಯಾಹ್ನದೊಳಗೆ ಮುಗಿಯಿತು. ಅದನ್ನು ಯಾರೋ ಕೊಂಡರು. ಆಮೇಲೆ ಬೆಂಚು, ಒರಳು, ಹೀಗೆ. ಒಂದು ದಿನ ನಾನು ಶಾಲೆಯಿಂದ ಬಂದಾಗ ಅಂಗಳದಲ್ಲಿ ಒಂದು ಆನೆಮರಿ ಇತ್ತು. ಬಿದ್ದ ಮರದ ಬುಡದಲ್ಲಿ ಅದು ಮೊದಲೇ ಮಲಗಿತ್ತೋ ಎಂಬ ಹಾಗೆ. ಸೊಂಡಿಲು ಎಂದರೆ ಮರದ್ದೇ ಒಂದು ಬೇರು, ಬೆನ್ನು ಎಂದರೆ ಮರದ್ದೇ ಗಂಟು. ಮಿಷನಿನ ಹಲ್ಲಿನ ಗೀರುಗಳು ಅದರ ಮೈಮೇಲೆ ಸುಕ್ಕಿನ ಹಾಗೆ ಕಾಣುತ್ತಿದ್ದವು. ನಾನು ಚೀಲ ಹೊತ್ತುಕೊಂಡೇ ನಿಂತುಬಿಟ್ಟೆ. ಸೌದೆಗೆ ಮರ ಹುಡುಕುವ ಕಣ್ಣಿನಲ್ಲೇ ಅವಳು ಇದನ್ನು ನೋಡಿದ್ದಾಳೆಯೇ, ನಮ್ಮ ಜೊತೆ ಒಂದೇ ಒಲೆಯ ಮುಂದೆ ಕೂತು ಗಂಜಿ ಕುಡಿಯುವವಳೇ ಇವಳು ಎಂದು ನನಗೆ ಗಾಬರಿಯಾಯಿತು.

ಮರದ ವ್ಯಾಪಾರದ ಮೊಯ್ದಿನ್ ಬ್ಯಾರಿಗಳು ಸೌದೆಯ ಲೆಕ್ಕಕ್ಕೆ ನಮ್ಮಲ್ಲಿಗೆ ಬರುತ್ತಿದ್ದರು. ಅವರು ಆನೆಮರಿಗೆ ಒಂದು ಸುತ್ತು ಬಂದು, ಟೋಪಿ ತೆಗೆದು ತಲೆ ಒರೆಸಿಕೊಂಡರು.

"ನಮ್ಮಲ್ಲಿ ಇಂಥದ್ದು ಮನೆಯೊಳಗೆ ಇಡ್ಲಿಕ್ಕಿಲ್ಲ, ಗಿರಿಜಕ್ಕ. ಇದ್ದಿದ್ರೆ ನಾನೇ ತಗೊಂಡು ಹೋಗ್ತಿದ್ದೆ. ಗುಂಡ್ಯದಲ್ಲಿ ಒಬ್ಬ ಹೋಟ್ಲಿನವ ಇದ್ದಾನೆ, ಬಸ್ಸಿನ ಮಕ್ಕಳು ಇಳಿದು ಬರುವ ಹಾಗೆ ಎಂತಾದ್ರೂ ಬೇಕು ಅಂತಿದ್ದ. ಕೇಳಿ ನೋಡ್ಲಾ?"

ಆನೆಮರಿ ಗುಂಡ್ಯಕ್ಕೆ ಹೋಯಿತು. ಘಾಟಿ ಇಳಿದು ಬರುವ ಬಸ್ಸುಗಳು ಅಲ್ಲಿ ನಿಂತರೆ ಮಕ್ಕಳು ಓಡಿ ಅದರ ಬೆನ್ನು ಹತ್ತುತ್ತಿದ್ದರಂತೆ. ಅದನ್ನು ನೋಡಿ ಎಸ್ಟೇಟಿನ ಬಂಗ್ಲೆಯೊಂದರಿಂದ ಕಾಟಿ, ಎಂದರೆ ಕಾಡುಕೋಣ, ಬೇಕು ಎಂದು ಬಂದರು. ಇನ್ನೊಬ್ಬರಿಗೆ ಹಂದಿ ಬೇಕಾಯಿತು. ಯಾರಿಗೋ ಕರಡಿ. ಹೀಗೆ ನಮ್ಮ ಅಂಗಳದಲ್ಲಿ ಕಾಡಿನ ಪ್ರಾಣಿಗಳೆಲ್ಲ ಹುಟ್ಟಿ ಹೋಗತೊಡಗಿದವು. ಅಪ್ಪ ಒಳಗಿನಿಂದ ಶಬ್ದ ಕೇಳಿಯೇ ಹೇಳುತ್ತಿದ್ದ, ಈಗ ಕಿವಿ ಮಾಡ್ತಿದ್ದಾಳೆ, ಈಗ ಹೊಟ್ಟೆ ಎಂದು. ಕಾಡಿನಲ್ಲಿ ತಾನು ಕಂಡ ಕಾಟಿ ತಲೆ ಹೇಗೆ ತಗ್ಗಿಸುತ್ತದೆ ಎಂಬುದನ್ನು ಮಂಚದ ಮೇಲೆ ಕೂತು ತನ್ನ ಕುತ್ತಿಗೆಯಿಂದಲೇ ಮಾಡಿ ತೋರಿಸುತ್ತಿದ್ದ. ನಗು ಕೂಡ ವಾಪಸು ಬಂತು. ಗಂಜಿ ದಪ್ಪವಾಯಿತು. ಒಂದು ದಿನ ಅಜ್ಜಿಯೂ ಏನೂ ಹೇಳದೆ ಬಟ್ಟಲು ಮುಂದಿಟ್ಟು ಮೀನಿನ ತುಂಡು ಹಾಕಿಸಿಕೊಂಡಳು. ಅಮ್ಮ ಬಾಲದ ತುಂಡು ಹಾಕಿದ್ದಕ್ಕೆ "ನಡುವಿನದ್ದು ಹಾಕು" ಎಂದಳು.

ಪುತ್ತೂರಿನಲ್ಲಿ ಹೊಸದಾಗಿ ಮರದ ಡಿಪೊ ತೆರೆದವರೊಬ್ಬರು ಮೊಯ್ದಿನ್ ಬ್ಯಾರಿಗಳ ಮೂಲಕ ಹೇಳಿ ಕಳಿಸಿದರು: ಗೇಟಿನ ಹತ್ತಿರ ನಿಲ್ಲಿಸಲು ಒಬ್ಬ ಆಳೆತ್ತರದ ಮನುಷ್ಯ ಬೇಕು, ಕೈಯಲ್ಲಿ ಮಿಷನ್ ಹಿಡಿದವನು. ಅಲ್ಲಿಯವರೆಗೆ ಅಮ್ಮ ಮನುಷ್ಯರನ್ನು ಮಾಡಿರಲಿಲ್ಲ. ಹೆಬ್ಬಲಸಿನ ದೊಡ್ಡ ತುಂಡೊಂದು ಬಂತು. ಅವಳು ಆ ಕೆಲಸ ಮಾಡುವಾಗ ತೆಂಗಿನ ಗರಿಯ ತಟ್ಟಿ ಅಡ್ಡ ಕಟ್ಟಿದಳು. ಯಾರೂ ನೋಡಬಾರದು ಎಂದಳು. ನಾನು ಇಣುಕಿದರೆ ಹುಡಿಯಷ್ಟೇ ಕಾಣುತ್ತಿತ್ತು. ಒಳಗೆ ಅಪ್ಪ ಕಿವಿಗೊಟ್ಟು ಕೇಳುತ್ತಿದ್ದ, ಆದರೆ ಈ ಸಲ ಅವನಿಗೆ ಏನು ಎಂದು ಹೇಳಲು ಆಗಲಿಲ್ಲ. "ಎಂತ ಮಾಡುದು ಇವಳು? ಇಷ್ಟು ಮೆಲ್ಲ ಕೊಯ್ಯುದು ನಾನು ಕೇಳಿಯೇ ಇಲ್ಲ," ಎನ್ನುತ್ತಿದ್ದ.

ಮುಗಿದ ದಿನ ಅಮ್ಮ ತಟ್ಟಿ ಬಿಚ್ಚಿದಳು. ಅಡುಗೆ ಕೋಣೆಯಿಂದ ನೀರು ತರುತ್ತಿದ್ದ ನಾನು ಅಂಗಳಕ್ಕೆ ಕಾಲಿಟ್ಟವಳು ಕೊಡ ಬಿಟ್ಟುಬಿಟ್ಟೆ. ಅಪ್ಪ ನಿಂತಿದ್ದ. ಎರಡು ಕಾಲು ಅಗಲಿಸಿ, ಸೊಂಟ ಒಂದು ಬದಿಗೆ ವಾಲಿಸಿ, ಮಿಷನನ್ನು ಮೈಗೆ ಹತ್ತಿರ ಹಿಡಿದು, ಮೇಲೆ ಮರದ ತುದಿಯನ್ನು ನೋಡುವ ಹಾಗೆ ಗದ್ದ ಎತ್ತಿ. ಅವನು ಹಾಗೆಯೇ ನಿಲ್ಲುತ್ತಿದ್ದ. ಅವನು ನಿಂತದ್ದನ್ನು ನಾನು ಮರೆತೇಬಿಟ್ಟಿದ್ದೆ. ಅಜ್ಜಿ ಹೊರಗೆ ಬಂದವಳು "ಅಯ್ಯೋ ನನ್ನ ಮಗ" ಎಂದು ಓಡಿ ಹೋಗಿ ಆ ಮರದ ಕಾಲುಗಳನ್ನು ಅಪ್ಪಿಕೊಂಡಳು. ಅವಳ ಕೂಗು ಕೇಳಿ ಒಳಗಿದ್ದ ಅಪ್ಪ ತನಗೂ ತೋರಿಸಿ ಎಂದು ಹಟ ಹಿಡಿದ. ಮೊಯ್ದಿನ್ ಬ್ಯಾರಿಗಳು ಮತ್ತು ಅವರ ಲಾರಿಯವನು ಅವನನ್ನು ಕುರ್ಚಿಯ ಸಮೇತ ಎತ್ತಿ ಜಗಲಿಗೆ ತಂದರು.

ಅಪ್ಪ ತನ್ನನ್ನು ನೋಡಿದ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ನನ್ನನ್ನು ಪುತ್ತೂರಿನಲ್ಲಿ ನಿಲ್ಲಿಸುದಾ?"

ಅಮ್ಮ ಕೈಯ ಹುಡಿ ಒರೆಸಿಕೊಳ್ಳುತ್ತಿದ್ದಳು.

"ಮುಖ ಬೇರೆ ಯಾರದ್ದೂ ಬರ್ಲಿಲ್ಲ. ನನಗೆ ನೀವು ಹೀಗೇ ನೆನಪು."

"ಹಾಗಾದ್ರೆ ಒಳಗೆ ಮಲಗಿದವ ಯಾರು? ದಿನಾ ನೀನು ಮೀಯಿಸುದು ಯಾರನ್ನು?"

ಅಪ್ಪನ ಧ್ವನಿ ಏರಿತು. ಹೋಗುವವರು ಬರುವವರು ನೋಡಿ ಪಾಪ ಇವ ಒಂದು ಕಾಲದಲ್ಲಿ ನಿಲ್ಲುತ್ತಿದ್ದ ಎಂದು ಹೇಳಬೇಕಾ? ಅದು ಈ ಅಂಗಳ ಬಿಟ್ಟು ಹೋದರೆ ನಾನು ಈ ಮನೆಯ ಅನ್ನ ಮುಟ್ಟುವುದಿಲ್ಲ. ತುಂಡು ಮಾಡು. ಸೌದೆ ಮಾಡು. ನೀರು ಕಾಯಿಸು ಅದರಲ್ಲಿ. ಮೊಯ್ದಿನ್ ಬ್ಯಾರಿಗಳು "ಬಾಬಣ್ಣ, ಸಮಾಧಾನ ಮಾರಾಯ್ರೆ, ನಾಳೆ ಮಾತಾಡುವ" ಎಂದು ಅವನನ್ನು ಒಳಗೆ ಮಲಗಿಸಿ ಹೋದರು. ಆ ಸಂಜೆ ಯಾರೂ ದೀಪ ಹಚ್ಚಲಿಲ್ಲ, ಒಲೆಯೂ ಉರಿಯಲಿಲ್ಲ.

ಬೆಳಗಾದ ಮೇಲೆ ಅಮ್ಮ ಎಂದಿನ ಹಾಗೆ ಅಪ್ಪನನ್ನು ಮೀಯಿಸಿದಳು. ತಲೆ ಒರೆಸಿದಳು. ಪ್ಯಾಂಟು ಹಾಕಿ ಹೊರಗೆ ಹೋದಳು. ದಾರ ಎಳೆಯುವುದು ಕೇಳಿತು. ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದ. ಚೈನು ಮರಕ್ಕೆ ತಾಗಿದ ಶಬ್ದ ಬಂದದ್ದೇ ಅವನ ಕಣ್ಣು ತೆರೆಯಿತು. ಅದು ಕೆತ್ತುವ ಶಬ್ದವಾಗಿರಲಿಲ್ಲ. ಅಡ್ಡಕ್ಕೆ ಕೊಯ್ಯುವ ಶಬ್ದ.

"ಅವಳು ಕೊಯ್ಯುದು! ಪುಟ್ಟಿ, ಓಡು! ಬೇಡ ಅಂತ ಹೇಳು! ಗಿರಿಜ, ಬೇಡ! ಬೇಡ!"

ನಿನ್ನೆ ಸೌದೆ ಮಾಡು ಎಂದವನೇ ಮಂಚದ ಪಟ್ಟಿ ಹಿಡಿದು ಮಗುವಿನ ಹಾಗೆ ಕೂಗುತ್ತಿದ್ದ. ನಾನು ಓಡಿದೆ. ಮಿಷನ್ ಹಿಡಿದವರನ್ನು ಹಿಂದಿನಿಂದ ಮುಟ್ಟಬಾರದು ಎಂದು ಅಪ್ಪ ಕಲಿಸಿದ್ದ. ಸುತ್ತು ಬಂದು ಎದುರಿಗೆ ನಿಂತು ಎರಡೂ ಕೈ ಬೀಸಿದೆ. ಅಮ್ಮ ಮರದ ಅಪ್ಪನನ್ನು ನೆಲದಲ್ಲಿ ಮಲಗಿಸಿದ್ದಳು. ಅವನ ಸೊಂಟ ಅರ್ಧ ತುಂಡಾಗಿತ್ತು. ನಾನು ಅಲ್ಲೇ ನೆಲದಲ್ಲಿ ಕೂತೆ. ಅವಳು ಮಿಷನ್ ನಿಲ್ಲಿಸಿ, ಕಣ್ಣಿನ ಹುಡಿ ಒರೆಸಿ, ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟು ಇರಲೇ ಇಲ್ಲ.

"ಒಳಗಿನವರಿಗೆ ಹೇಳು, ತುಂಡು ಮಾಡುದಲ್ಲ. ಕೂರಿಸುದು."

ನಾನು ಹೋಗಿ ಹೇಳಿದೆ. ಅಪ್ಪ ಒಮ್ಮೆ ನನ್ನನ್ನು, ಒಮ್ಮೆ ಬಾಗಿಲನ್ನು ನೋಡಿದ. ಹೊರಗೆ ಮಿಷನ್ ಮತ್ತೆ ಶುರುವಾಯಿತು. ಅವನು ಬೇಡ ಎನ್ನಲಿಲ್ಲ.

ಅವಳು ಕೆಳಗಿನ ಅರ್ಧವನ್ನು ಬದಿಗೆ ಸರಿಸಿ, ಇನ್ನೊಂದು ಅಗಲದ ದಿಮ್ಮಿಯಲ್ಲಿ ಮುಂದಕ್ಕೆ ಚಾಚಿದ ಎರಡು ತೊಡೆ, ತೂಗಿ ಬಿದ್ದ ಎರಡು ಕಾಲು ಕೆತ್ತಿದಳು. ತವರಿನಲ್ಲಿ ದೋಣಿಯ ಅಂಚಿಗೆ ಹಲಗೆ ಕೂಡಿಸುತ್ತಿದ್ದ ಹಾಗೆ ಮರದ ಬೆಣೆ ಹೊಡೆದು ಮೇಲಿನ ಮೈಯನ್ನು ಅದಕ್ಕೆ ಕೂಡಿಸಿದಳು. ಮರದ ಮಿಷನ್ ಈಗ ತೊಡೆಯ ಮೇಲೆ ಕ್ಷೇಮವಾಗಿ ಮಲಗಿತ್ತು. ಗದ್ದ ಮಾತ್ರ ಮೊದಲಿನ ಹಾಗೇ ಎತ್ತಿತ್ತು, ನೋಟ ಮೇಲಕ್ಕೇ ಇತ್ತು. ಈ ಸಲ ತಟ್ಟಿ ಕಟ್ಟಿರಲಿಲ್ಲ. ಅಪ್ಪ ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ದಿನವೂ ನೋಡಿದ. ಆಮೇಲೆ ಅವನು ಹಗಲೆಲ್ಲ ಜಗಲಿಯಲ್ಲೇ ಇರುವುದು ರೂಢಿಯಾಯಿತು. ಚಾವಡಿಗೆ ಬರುವುದು ಮಲಗಲು ಮಾತ್ರ. ಅವನು ತೀರಿಕೊಳ್ಳುವವರೆಗೆ, ತೀರಿಕೊಂಡ ಮೇಲೂ, ಅಮ್ಮ ಆ ಮಿಷನಿನಿಂದಲೇ ಮನೆ ನಡೆಸಿದಳು. ಭುಜ ಸೋತ ಮೇಲೆಯೇ ನಿಲ್ಲಿಸಿದ್ದು. ನನ್ನನ್ನು ನರ್ಸಿಂಗ್ ಓದಿಸಿದ್ದು ಹಂದಿ, ಕರಡಿ, ಕಾಟಿಗಳು. ಆಸ್ಪತ್ರೆಯಲ್ಲಿ ಎಂತೆಂಥದ್ದನ್ನೋ ನೋಡಿದ್ದೇನೆ. ಆದರೆ ಆ ಬೆಳಿಗ್ಗೆ ಅಂಗಳದಲ್ಲಿ ಕಂಡಂಥ ಗಾಬರಿಯನ್ನು ಮತ್ತೆ ಕಂಡಿಲ್ಲ.

ಡಿಪೊದವರಿಗೆ ಕೂತ ಮನುಷ್ಯನೂ ಆಗುತ್ತದೆ ಎಂದು ಮೊಯ್ದಿನ್ ಬ್ಯಾರಿಗಳು ಒಪ್ಪಿಸಿ ಬಂದರು. ಲಾರಿ ಬಂದ ದಿನ ಅಜ್ಜಿ ಮರದ ಮಗನ ಹಣೆಗೆ ಕುಂಕುಮ ಇಟ್ಟಳು. ಅಮ್ಮ ಜಗಲಿಯ ಕಂಬದ ಹತ್ತಿರ ನಿಂತಿದ್ದಳು, ಅಪ್ಪ ಏನು ಹೇಳುತ್ತಾನೋ ಎಂದು ಅವನ ಮುಖವನ್ನೇ ನೋಡುತ್ತ. ಅಪ್ಪ ಗಂಜಿ ಕುಡಿದು ಮುಗಿಸಿ, ಕುರ್ಚಿಯಲ್ಲಿ ಕೂತು, ಎತ್ತುವುದನ್ನು ನೋಡುತ್ತಿದ್ದ. ಲಾರಿಯ ಹುಡುಗರು ಮರದ ಅಪ್ಪನನ್ನು ಮೇಲೇರಿಸಿ, ಬೀಳದ ಹಾಗೆ ಕಟ್ಟಲು ಅದರ ಕುತ್ತಿಗೆಗೆ ಹಗ್ಗ ಸುತ್ತಿದರು. ಅದನ್ನು ನೋಡಿ ನಾನು ಕಣ್ಣು ಮುಚ್ಚಿಕೊಂಡೆ. ಆಗ ಅಪ್ಪನ ಹಳೆಯ ಧ್ವನಿ, ಕಾಡಿನಲ್ಲಿ ಕೂಗಿ ರೂಢಿಯಾದ ಆ ಧ್ವನಿ, ಕೇಳಿಸಿತು.

"ಏಯ್, ಕುತ್ತಿಗೆಗೆ ಕಟ್ಬೇಡಿ ಮಾರಾಯ್ರೆ, ಉಸಿರು ಕಟ್ತದೆ! ಸೊಂಟಕ್ಕೆ ಕಟ್ಟಿ, ಸೊಂಟಕ್ಕೆ. ಅಲ್ಲಿ ಎಂತ ಮಾಡಿದ್ರೂ ಅವನಿಗೆ ಗೊತ್ತಾಗುದಿಲ್ಲ."

ಹುಡುಗರು ನಗಬೇಕೋ ಬೇಡವೋ ತಿಳಿಯದೆ ಹಗ್ಗ ಹಿಡಿದು ನಿಂತರು. ಮೊದಲು ನಕ್ಕದ್ದು ಅಮ್ಮ. ಅಪ್ಪನ ಬೆನ್ನಿಗೆ ಏಟಾದಾಗ ಅಳದವಳು, ಜಗಲಿಯ ಕಂಬಕ್ಕೆ ಒರಗಿ, ನಗುತ್ತ ನಗುತ್ತಲೇ ಅಳತೊಡಗಿದಳು.